ಅಡ್ಡಮರದ ಮಾವ

ಎದುರಿಗೆ ನಿಂತವರ ಕಣ್ಣನ್ನು ಬಿಟ್ಟು ಬಾಯಿಯನ್ನೇ ನೋಡುತ್ತ ಮಾತು ಕೇಳುವ ಮನುಷ್ಯರೆಂದು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಹೆಂಡತಿಯ ತಂದೆ. ಮದುವೆಯ ಮಾತಿಗೆಂದು ಮೊದಲ ಸಲ ಅವರ ಮನೆಗೆ ಹೋದಾಗ, ಒಲೆಯ ಪಕ್ಕದ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ತಾವು ನಿಂತೇ ಇದ್ದು, ನನ್ನ ತುಟಿಗಳ ಮೇಲೆ ದೃಷ್ಟಿ ನೆಟ್ಟರು. ಮೀಸೆಗೆ ಹಾಲಿನ ಕೆನೆ ಮೆತ್ತಿಕೊಂಡಿದೆಯೇನೋ ಎಂದು ನಾನು ಮತ್ತೆ ಮತ್ತೆ ಒರೆಸಿಕೊಂಡೆ. ಒಳಗಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಈಗ ನನ್ನ ಮನೆಯಲ್ಲಿದೆ. ಮಾವನ ಕಿವಿ ಮಂದವೇನಲ್ಲ, ಎದುರು ದಿಬ್ಬದಲ್ಲಿ ಕುರಿಮರಿ ಕೆಮ್ಮಿದರೆ ಅದು ಯಾರ ಮಂದೆಯದೆಂದು ಹೇಳಬಲ್ಲಷ್ಟು ಚುರುಕು. "ಮಾತು ಹೊರಡೋ ಜಾಗ ಅದೇ ತಾನೇ, ಅದಕ್ಕೇ ಅಲ್ಲೇ ಕಾಯ್ತಾರೆ ಇವ್ರು," ಎಂದು ಅತ್ತೆ ಆಮೇಲೆ ನನಗೆ ಸಮಾಧಾನ ಹೇಳಿದರು.

ಊರಿನವರು ಎದುರಿಗೆ ಅವರನ್ನು 'ಯಜಮಾನರು' ಎನ್ನುತ್ತಿದ್ದರು, ಬೆನ್ನ ಹಿಂದೆ 'ಅಡ್ಡಮರ' ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು, ಎರಡನೆಯದರ ಬಗ್ಗೆಯೇ ಅವರಿಗೆ ಒಳಗೊಳಗೆ ಹೆಮ್ಮೆಯಿತ್ತೆಂದು ನನ್ನ ಗುಮಾನಿ. ಒಣಕಲು ಮೈಕಟ್ಟು, ಸಮತಟ್ಟಾದ ನೆಲದ ಮೇಲೂ ನೇಗಿಲ ಸಾಲು ದಾಟುವವರಂತೆ ಮಂಡಿ ಎತ್ತಿ ಎತ್ತಿ ಇಡುವ ಹೆಜ್ಜೆ, ಒಂದು ಕಾಲಕ್ಕೆ ಕಪ್ಪಾಗಿದ್ದು ಬಿಸಿಲಿಗೂ ಮಂಜಿಗೂ ಬಣ್ಣ ಬಿಟ್ಟುಕೊಟ್ಟು ಒದ್ದೆ ಮಣ್ಣಿನಂತಾಗಿದ್ದ ಉಣ್ಣೆಯ ಕೋಟು, ಅದರ ಮೊಣಕೈಗಳಿಗೆ ಕುರಿಚರ್ಮದ ತೇಪೆ, ಜೇಬಿನಲ್ಲಿ ಸದಾ ಒಂದು ಚರ್ಮದ ದಾರ, ಒಂದು ಮೊಂಡು ಚಾಕು. ಹೊಸ ಕೋಟು ತಂದುಕೊಟ್ಟರೆ ಗೂಟಕ್ಕೆ ನೇತುಹಾಕಿ, ಅದರ ಮುಂದೆಯೇ ಹಳೆಯದನ್ನು ಹಾಕಿಕೊಂಡು ಹೊರಟುಹೋಗುತ್ತಿದ್ದರು.

ಇನ್ನು ಅವರ ಮಾತೋ, ಮಾತೆಂದರೆ ಒಂದೇ ಪ್ರಶ್ನೆ: "ಯಾರು ಹೇಳಿದ್ದು?" ಪಕ್ಕದ ಮನೆಯ ಹಸು ಕರು ಹಾಕಿತಂತೆ ಎಂದರೆ, ಯಾರು ಹೇಳಿದ್ದು? ಬೆಟ್ಟದ ಮೇಲೆ ಮಂಜು ಬಿದ್ದಿದೆಯಂತೆ ಎಂದರೆ, ಯಾರು ಹೇಳಿದ್ದು? "ಊಟ ಆರ್ತಾ ಇದೆ," ಎಂದು ಅತ್ತೆ ಒಳಗಿನಿಂದ ಕೂಗಿದಾಗಲೂ ಒಮ್ಮೆ ಬಾಯಿತಪ್ಪಿ ಹಾಗೆ ಕೇಳಿಬಿಟ್ಟರು. "ಊಟಾನೇ ಹೇಳ್ತು, ಎದ್ದು ಬನ್ನಿ," ಎಂದರು ಅತ್ತೆ. ಈ ಪ್ರಶ್ನೆಯನ್ನು ನಾನು ಬಹುಕಾಲ ಮುದುಕರ ಖಯಾಲಿಯೆಂದೇ ತಿಳಿದಿದ್ದೆ. ಅಳಿಯನೆಂದರೆ ಆ ಊರಿನಲ್ಲಿ ಒಂದು ವಿಚಿತ್ರ ಪ್ರಾಣಿ. ಯಾವ ಪಂಚಾಯಿತಿಗೂ ಅವನನ್ನು ಸೇರಿಸುವುದಿಲ್ಲ, ಯಾವ ಜಗಳದಿಂದಲೂ ಅವನನ್ನು ಬಿಡುವುದಿಲ್ಲ. ಹೀಗೆ ಅರೆಬರೆ ಕಿವಿಗೆ ಬಿದ್ದ ಮಾತುಗಳನ್ನು ಜೋಡಿಸಿಕೊಂಡು ನಾನು ಅವರನ್ನು ಅರ್ಥಮಾಡಿಕೊಳ್ಳಬೇಕಾಯಿತು.

ಕಣಿವೆಯ ತುದಿಯಲ್ಲಿ, ರಸ್ತೆಯೂ ಇನ್ನು ಸಾಕೆಂದು ಕೈಚೆಲ್ಲಿದ ಜಾಗದಲ್ಲಿ, ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತ ಕೆಲವೇ ಮನೆಗಳ ಊರು ಅದು. ಕೆಳಗೆ ಉಳುವವರು, ಮೇಲೆ ಮೇಯಿಸುವವರು. ಬೇಸಿಗೆಯುದ್ದಕ್ಕೂ ಬೆಟ್ಟದ ಹುಲ್ಲುಗಾವಲಿನಲ್ಲಿರುವ ಮಂದೆಗಳನ್ನು ಚಳಿ ಇಳಿಯತೊಡಗಿದೊಡನೆ ಕುರಿಗಾರರು ಕೆಳಕ್ಕೆ ಹೊಡೆದುಕೊಂಡು ಬರುತ್ತಾರೆ. ಅಷ್ಟರೊಳಗೆ ಗೋಧಿಯ ಕೊಯ್ಲು ಮುಗಿದಿರಬೇಕು. ಕೊಯ್ದ ಹೊಲದ ಕೂಳೆಯೇ ಕುರಿಗಳಿಗೆ ಆ ಹೊತ್ತಿನ ಮೇವು, ಕುರಿಗಳ ಹಿಕ್ಕೆಯೇ ಆ ಹೊಲಕ್ಕೆ ಮುಂದಿನ ವರ್ಷದ ಗೊಬ್ಬರ. ಹೊಲಹೊಲಕ್ಕೂ ನಡುವೆ ಬೇಲಿಯಿಲ್ಲ. ಇಡೀ ಬಯಲಿಗೆ ಒಂದೇ ಕಲ್ಲುಗೋಡೆ, ಒಂದೇ ಬಾಗಿಲು. ಬಾಗಿಲೆಂದರೆ ಎರಡು ಕಲ್ಲುಕಂಬಗಳ ನಡುವೆ ಸರಿಸಿಟ್ಟ ಅಡ್ಡಮರಗಳು. ಅವನ್ನು ತೆಗೆದರೆ ಎಲ್ಲರ ಹೊಲವೂ ಒಟ್ಟಿಗೇ ಮಂದೆಯ ಪಾಲು. ಯಾರದಾದರೂ ಪೈರು ಕೊಯ್ಯದೆ ನಿಂತಿದ್ದರೆ ಅವರ ವರ್ಷದ ದುಡಿಮೆ ಬೆಳಗಾಗುವುದರೊಳಗೆ ಕುರಿಗಳ ಹೊಟ್ಟೆ ಸೇರುತ್ತದೆ. ಆದ್ದರಿಂದ ಅಡ್ಡಮರ ತೆಗೆಯುವ ಅಧಿಕಾರ ಊರಿನಲ್ಲಿ ಒಬ್ಬರಿಗೆ ಮಾತ್ರ, ಅದು ನಮ್ಮ ಮಾವನಿಗೆ.

ಅವರ ಕಟ್ಟಳೆ ಕಠಿಣವಾದದ್ದು. ಕೊಯ್ಲು ಮುಗಿಸಿದ ಪ್ರತಿ ಮನೆಯವರೂ ತಾವೇ ನಡೆದು ಬಂದು, ಅಡ್ಡಮರದ ಮೇಲೆ ಕೈಯಿಟ್ಟು, "ನಮ್ಮದು ಮುಗೀತು" ಎಂದು ಸ್ವಂತ ಬಾಯಲ್ಲಿ ಹೇಳಬೇಕು. ಹೊಲ ಬೋಳಾಗಿರುವುದು ಕಣ್ಣಿಗೆ ಕಂಡರೂ ಸಾಲದು, ನೆರೆಯವರು ಆಣೆಯಿಟ್ಟು ಹೇಳಿದರೂ ಸಾಲದು. ಮಾವ ತಾವಾಗಿ ಯಾರ ಮನೆಗೂ ಹೋಗಿ ವಿಚಾರಿಸುವಂತೆಯೂ ಇಲ್ಲ. "ಅಡ್ಡಮರ ಕಾಯೋನು ಬಾಗಿಲಿಗೆ ಬಂದು ನಿಂತ್ರೆ ಅದು ಕೇಳಿದ ಹಾಗಲ್ಲ, ದಬಾಯಿಸಿದ ಹಾಗೆ," ಎನ್ನುತ್ತಿದ್ದರು. ನ್ಯಾಯವಾದ ಮಾತೇ, ಊರು ತಲೆದೂಗಿ ಒಪ್ಪಿತ್ತು. ಆದರೆ ಈ ಕಟ್ಟಳೆ ಹಿರಿಯರಿಂದ ಬಂದದ್ದಲ್ಲ, ಅವರೇ ಮಾಡಿದ್ದು, ಅದರ ಹಿಂದೆ ಒಂದು ನೋವಿನ ಕಥೆಯಿದೆ ಎಂಬುದನ್ನು ನನ್ನ ಹೆಂಡತಿ ಮದುವೆಯಾಗಿ ಎಷ್ಟೋ ಕಾಲದ ಮೇಲೆ ಹೇಳಿದಳು.

ಅವರಿಗೆ ಒಬ್ಬಳೇ ತಂಗಿ, ಅದೇ ಊರಿಗೆ ಕೊಟ್ಟದ್ದು. ಮಾವ ಇನ್ನೂ ಎಳೆಯ ಪ್ರಾಯದಲ್ಲಿ ಅಡ್ಡಮರದ ಕೆಲಸಕ್ಕೆ ನಿಂತ ಹೊಸದರಲ್ಲಿ, ತಂಗಿ ಮೊದಲ ಹೆರಿಗೆಯಾಗಿ ಮಲಗಿದ್ದಳು, ಅವಳ ಗಂಡ ಪರಊರಿಗೆ ಹೋಗಿದ್ದ. ಮಂದೆ ಬಂದು ನಿಂತಿತ್ತು. "ನಿಮ್ಮ ತಂಗಿಯದೂ ಆಯ್ತಲ್ಲ, ನಿನ್ನೇನೇ ಆಯ್ತು," ಎಂದು ಯಾರೋ ಅಂದರು. ಅಂದವರಿಗೆ ಕಂಡದ್ದು ಮೇಲಿನ ಹೊಲ ಮಾತ್ರ. ಕೆಳಗಿನ ಇಳಿಜಾರಿನ ಮೂಲೆ ಗೋಡೆಯಿಂದ ಕಾಣುವುದಿಲ್ಲ. ಮಾವ ಅಡ್ಡಮರ ತೆಗೆದರು. ಮರುದಿನ ಆ ಮೂಲೆಯಲ್ಲಿ ಒಂದು ತೆನೆ ಉಳಿದಿರಲಿಲ್ಲ. ಆ ಚಳಿಗಾಲವೆಲ್ಲ ಬಾಣಂತಿ ನೆರೆಯವರು ಕೊಟ್ಟ ಹಿಟ್ಟಿನಲ್ಲಿ ದಿನ ದೂಡಿದಳು. ಅಣ್ಣ ತನ್ನ ಕಣಜದ ಕಾಳನ್ನು ಹೊರೆಸಿ ಕಳಿಸಿದರೆ ಮೂಟೆಯ ಬಾಯಿ ಬಿಚ್ಚದೆ ಹಿಂದಕ್ಕೆ ಕಳಿಸಿದಳು. ಮಾತೂ ಬಿಟ್ಟಳು. ಅಂದಿನಿಂದ ಪ್ರತಿವರ್ಷ "ನಮ್ಮದು ಮುಗೀತು" ಎಂದು ಹೇಳಲು ಬರುತ್ತಿದ್ದವನು ಅವಳ ಗಂಡ. ಒಳ್ಳೆಯ ಮನುಷ್ಯ, ಹೇಳಿದ ಮೇಲೆ ಒಂದಿಷ್ಟು ಹೊತ್ತು ಗೋಡೆಗೆ ಒರಗಿ ಮಾವನ ಜೊತೆ ಸುಮ್ಮನೆ ನಿಂತು ಹೋಗುತ್ತಿದ್ದ.

ಆ ಮನುಷ್ಯ ತೀರಿಕೊಂಡ ವರ್ಷ ಕೊಯ್ಲಿನ ಹೊತ್ತಿಗೆ ನಾನು ಅಲ್ಲಿದ್ದೆ. ಒಂದೊಂದೇ ಮನೆಯವರು ಬಂದು ಅಡ್ಡಮರದ ಮೇಲೆ ಕೈಯಿಟ್ಟು ಹೇಳಿ ಹೋದರು. ತಂಗಿಯ ಮನೆಯವರು ಬರಲಿಲ್ಲ; ಬರಬೇಕಾದವಳು ಈಗ ಅವಳೊಬ್ಬಳೇ, ಮಗಳು ಮದುವೆಯಾಗಿ ಬೆಟ್ಟದಾಚೆಗೆ ಹೋಗಿದ್ದಳು. ಹೊಲವೇನೋ ಬೋಳಾಗಿ ಕಾಣುತ್ತಿತ್ತು, ನೆರೆಯವರು ನಿಂತು ಕೊಯ್ದುಕೊಟ್ಟಿದ್ದರು. ಗೋಡೆಯಾಚೆ ಮಂದೆ ದಿನದಿನಕ್ಕೂ ದೊಡ್ಡದಾಯಿತು. ಮೇಲೆ ಹುಲ್ಲು ಮುಗಿದಿತ್ತು, ಇಳಿದು ಬಂದ ದಾರಿಯ ಪೊದೆಗಳೂ ಮುಗಿದಿದ್ದವು. ಕುರಿಗಳು ಮೊದಲು ಅರಚಿದವು, ಆಮೇಲೆ ಅರಚುವುದನ್ನೂ ಬಿಟ್ಟು ಒಂದರ ಬೆನ್ನಿನ ಉಣ್ಣೆಯನ್ನು ಇನ್ನೊಂದು ಕಚ್ಚತೊಡಗಿದವು. ಆ ಮಂದೆಯಲ್ಲಿ ಮಾವನ ಕುರಿಗಳೂ ಇದ್ದವು. ಗಬ್ಬದ ಕುರಿಯೊಂದು ಅವರ ಕಣ್ಣೆದುರಿಗೇ ಕಾಲು ಮಡಚಿ ಬಿತ್ತು, ಮತ್ತೆ ಏಳಲಿಲ್ಲ.

"ಯಜಮಾನ್ರೇ, ನಿಮಗೇನು ಕಣ್ಣು ಕಾಣಲ್ವಾ?" ಎಂದ ಕುರಿಗಾರರ ಹಿರಿಯ. ಅವನೂ ಮುದುಕನೇ, ಮಾವನ ಜೊತೆಗೇ ಬೆಳೆದವನು. "ಆಯಮ್ಮನ ಹೊಲದಲ್ಲಿ ಒಂದು ಕಡ್ಡಿ ಇಲ್ಲ. ತೆಗೀರಿ ಅತ್ಲಾಗೆ."

"ಅವಳು ಹೇಳಿಲ್ಲ."

"ಅವಳು ಹೇಳಲ್ಲ! ನಿಮ್ಮ ಜೊತೆ ಮಾತೇ ಆಡದೋಳು ಬಂದು ಹೇಳ್ತಾಳಾ? ನಿಮ್ಮಿಬ್ಬರ ಹಟಕ್ಕೆ ನಮ್ಮ ಮಂದೆ ಸಾಯಬೇಕಾ?"

ಮಾವ ಅಡ್ಡಮರದತ್ತ ಒಮ್ಮೆ ನೋಡಿ ಮನೆಯ ಕಡೆ ತಿರುಗಿದರು. ತೆಗೆದರೆ ಅವಳ ಬಾಯಿಂದ ಕೇಳದೆ ಎರಡನೆಯ ಸಲ ತೆಗೆದಂತೆ. ತೆಗೆಯದಿದ್ದರೆ ಊರಿನ ಮಂದೆಯೇ ನೆಲ ಹಿಡಿಯುತ್ತದೆ. ಹೋಗಿ ಕೇಳೋಣವೆಂದರೆ ತಮ್ಮದೇ ಕಟ್ಟಳೆ ಅಡ್ಡ. ಮಾವನ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ಮನೆಗೆ ಬಂದು ತಟ್ಟೆಯ ಮುಂದೆ ಕೂತವರು ಹಾಗೆಯೇ ಕೂತಿದ್ದರು. ಅತ್ತೆ, ಎಂದೂ ಅವರ ಕಟ್ಟಳೆಗೆ ಎದುರಾಡದವರು, ಅಂದು ನೀರಿನ ಚೊಂಬನ್ನು ದಡಕ್ಕನೆ ಕುಕ್ಕಿದರು.

"ಕಟ್ಟಳೆ ಕಟ್ಟಳೆ ಅಂತೀರಲ್ಲ, ಅದನ್ನ ಊರಿಗೆ ಅಂತ ಮಾಡಿದ್ರೋ, ತಂಗಿ ಮನೆಗೆ ಹೋಗೋದು ತಪ್ಪಲಿ ಅಂತ ಮಾಡಿದ್ರೋ? ನನಗಂತೂ ಇವತ್ತಿನವರೆಗೂ ತಿಳೀಲಿಲ್ಲ."

ಮಾವ ಎದ್ದು ಕೈ ತೊಳೆದರು. "ಅಳಿಯಂದ್ರೇ, ಜೊತೆಗೆ ಬನ್ನಿ," ಎಂದರು. ಮೊದಲು ಅಡ್ಡಮರದ ಬಳಿಗೆ ಹೋಗಿ ಕುರಿಗಾರರ ಹಿರಿಯನನ್ನು ಕರೆದರು. "ನಾನು ಬರೋವರೆಗೆ ಇದನ್ನ ನೀನು ನೋಡ್ಕೋ," ಎಂದರು. ಅತ್ಯಂತ ಹಸಿದ ಮಂದೆಯ ಒಡೆಯನ ಕೈಗೇ ಬಾಗಿಲು ಕೊಟ್ಟು ಹೊರಟರು. ಆ ಮುದುಕ ಅಡ್ಡಮರಕ್ಕೆ ಬೆನ್ನು ಕೊಟ್ಟು, ತನ್ನ ಕುರಿಗಳ ಕಡೆಗೆ ಮುಖ ಮಾಡಿ ನಿಂತ.

ತಂಗಿ ಅಂಗಳದಲ್ಲಿ ಮೊರದಲ್ಲಿ ಕಾಳು ಕೇರುತ್ತಿದ್ದಳು. ನಮ್ಮನ್ನು ಕಂಡಳು, ತಲೆ ತಗ್ಗಿಸಿ ಕೇರುವುದನ್ನು ಮುಂದುವರಿಸಿದಳು. ಮಾವ ಅಂಗಳದ ಅಂಚಿನಲ್ಲೇ ನಿಂತುಬಿಟ್ಟರು.

"ತಂಗೀ, ಕೇಳೋಕೆ ಬಂದೆ. ನಿನ್ನ ಹೊಲ ಮುಗೀತಾ?"

ಮೊರ ನಿಂತಿತು. "ಇದನ್ನ ಅವತ್ತೇ ಕೇಳಬಹುದಿತ್ತಲ್ಲ ಅಣ್ಣ."

"ಕೇಳಬಹುದಿತ್ತು."

"ನನ್ನ ಕೋಣೆ ಬಾಗಿಲು ತೆರೆದೇ ಇತ್ತು. ಬೆಳೆ ಹೋಯ್ತು ಅಂತ ನಾನು ಅಳಲಿಲ್ಲ. ಬೆಳೆ ಮುಂದಿನ ವರ್ಷ ಬರುತ್ತೆ. ನೀನು ಯಾರೋ ದಾರೀಲಿ ಹೋಗೋರ ಮಾತು ಕೇಳಿದೆ, ನನ್ನನ್ನ ಒಂದು ಮಾತು ಕೇಳಲಿಲ್ವಲ್ಲ ಅಂತ ಅತ್ತಿದ್ದು. ಆಮೇಲಾದ್ರೂ ಬರ್ತೀಯ ಅಂತ ಕಾದೆ. ಕಾಳು ಕಳಿಸಿದೆ, ನೀನು ಬರಲಿಲ್ಲ. ಬರೋದಿರಲಿ, ಯಾರ ಮನೆಗೂ ಹೋಗಿ ಕೇಳಬಾರದು ಅಂತ ಕಟ್ಟಳೇನೇ ಮಾಡ್ಕೊಂಡೆ. ಊರೆಲ್ಲ ಎಂಥ ನ್ಯಾಯವಂತ ಅಂತ ಹೊಗಳಿತು. ನಮ್ಮನೆಯವ್ರೂ ಹೊಗಳಿದ್ರು. ನಾನು ಕೇಳ್ತಾ ಕೂತಿದ್ದೆ."

ಮಾವ ಅಂಗಳದೊಳಕ್ಕೆ ಒಂದು ಹೆಜ್ಜೆ ಇಟ್ಟರು. "ತಪ್ಪಾಯ್ತು ತಾಯಿ," ಎಂದರು. ಇನ್ನೂ ಏನೋ ಹೇಳಬೇಕೆಂದು ತಡಕಾಡಿ, ಸಿಗದೆ, ಅದನ್ನೇ ಮತ್ತೊಮ್ಮೆ ಹೇಳಿದರು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನದು ಇನ್ನೂ ಮುಗಿದಿಲ್ಲ," ಎಂದಳು. "ಕೆಳಗಿನ ಮೂಲೆ ಹಾಗೇ ನಿಂತಿದೆ."

ಮಾವ ಅಲ್ಲಿದ್ದ ಕಲ್ಲಿನ ಮೇಲೆ ಕೂತರು. ಬೋಳಾಗಿದೆಯೆಂದು ಇಡೀ ಊರು ನಂಬಿದ್ದ ಹೊಲದ ಅದೇ ಇಳಿಜಾರಿನ ಮೂಲೆಯಲ್ಲಿ ಪೈರು ನಿಂತಿತ್ತು. ನೆರೆಯವರು ಕೊಯ್ಯುತ್ತೇವೆಂದಾಗ ಅದು ನನಗಿರಲಿ ಎಂದಿದ್ದಳಂತೆ. ಅವರು ಅವಳೇ ಕೊಯ್ದಳೆಂದುಕೊಂಡಿದ್ದರು.

"ನಾನು ಬರದೆ, ಅಡ್ಡಮರ ತೆಗೆದುಬಿಟ್ಟಿದ್ರೆ?" ಎಂದರು ಮಾವ.

"ತೆಗೆದ್ರೆ ತೆಗೀಲಿ ಅಂತಲೇ ಇದ್ದೆ. ನಮ್ಮಣ್ಣ ಇನ್ನು ಬರಲ್ಲ ಅಂತ ಗಟ್ಟಿಯಾಗ್ತಿತ್ತು. ಕಾಯೋದಾದ್ರೂ ತಪ್ಪುತಿತ್ತು." ಅವಳು ಎದ್ದು ಒಳಗೆ ಹೋಗಿ ಎರಡು ಕುಡುಗೋಲು ತಂದಳು. "ಬಾ, ಕೊಯ್ಯೋಣ. ಮಂದೆ ಹಸಿದಿದೆ."

ನನಗೂ ಒಂದು ಕೊಡಿ ಎಂದೆ. "ನೀವು ಕಟ್ಟು ಕಟ್ಟಿ ಅಳಿಯಂದ್ರೇ," ಎಂದಳು. ಅಣ್ಣ ತಂಗಿ ಪಕ್ಕಪಕ್ಕದ ಸಾಲು ಹಿಡಿದು, ಸೊಂಟ ಬಗ್ಗಿಸಿ, ಮಾತಿಲ್ಲದೆ ಕೊಯ್ದರು. ಅವಳ ಕೈ ಚುರುಕು, ಮಾವನದು ಹಿಂದೆ ಬೀಳುತ್ತಿತ್ತು. ತನ್ನ ಸಾಲಿನ ತುದಿ ಮುಟ್ಟಿದಾಗಲೆಲ್ಲ ಅವಳು ತಿರುಗಿ ಬಂದು ಅವರ ಸಾಲಿನಲ್ಲಿ ಉಳಿದದ್ದನ್ನು ಕೊಯ್ಯುತ್ತಿದ್ದಳು. ಹೊತ್ತು ಇಳಿಯುವ ಮೊದಲು ಮೂಲೆ ಬೋಳಾಯಿತು. ಕೊನೆಯ ಕಟ್ಟನ್ನು ಹೊತ್ತು ಹಾಕಿ, ಅವಳು ನಮ್ಮಿಬ್ಬರಿಗಿಂತ ಮುಂದೆ ನಡೆದು ಗೋಡೆಯ ಬಳಿಗೆ ಹೋದಳು. ಕುರಿಗಾರರ ಹಿರಿಯ ನಿಂತಲ್ಲೇ ನಿಂತಿದ್ದ, ಅಡ್ಡಮರ ಒಂದೂ ಸರಿದಿರಲಿಲ್ಲ. ಅವಳು ಅದರ ಮೇಲೆ ಕೈಯಿಟ್ಟು, ಅಣ್ಣನ ಕಡೆ ತಿರುಗಿ, "ನಮ್ಮದು ಮುಗೀತು," ಎಂದಳು. ಮಾವ ಅಡ್ಡಮರದ ಒಂದು ತುದಿ ಹಿಡಿದರು. ಕುರಿಗಾರ ಇನ್ನೊಂದು ತುದಿ ಹಿಡಿದು ಎತ್ತಿಕೊಟ್ಟ.

ಮಾವ ಈಗಿಲ್ಲ. ಅವರನ್ನು ನೆನೆದಾಗಲೆಲ್ಲ ಅವರಂಥವರ ಬಗ್ಗೆ ಯೋಚಿಸುತ್ತೇನೆ. ಒಮ್ಮೆ ತಮ್ಮ ಕೈಯಿಂದಾದ ಅನ್ಯಾಯಕ್ಕೆ ಬೆಚ್ಚಿ, ಉಳಿದ ಆಯುಷ್ಯವನ್ನೆಲ್ಲ ನ್ಯಾಯಕ್ಕೆ ಮುಡಿಪಿಡುವ ಜನ ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರಿಂದ ಊರಿಗೆ ಒಳಿತೇ ಆಗುತ್ತದೆ, ಅವರು ಮಾಡಿದ ಕಟ್ಟಳೆಯ ನೆರಳಿನಲ್ಲಿ ಬಡವರ ಪೈರು ಸುರಕ್ಷಿತವಾಗಿ ಮನೆ ಸೇರುತ್ತದೆ. ಆದರೆ ಊರಿಗೆಲ್ಲ ನ್ಯಾಯ ಹಂಚುವುದು ಅವರಿಗೆ ಸುಲಭ, ಒಬ್ಬಳ ಎದುರು ಹೋಗಿ ನಿಲ್ಲುವುದು ಕಷ್ಟ. ನಾಲ್ಕು ಹೆಜ್ಜೆಯ ಆ ದಾರಿಯನ್ನು ನಡೆಯದೆಯೇ ಬಹುಮಂದಿ ಮರ್ಯಾದೆಯಿಂದ ತೀರಿಕೊಳ್ಳುತ್ತಾರೆ. ಊರು ಅವರನ್ನು ಹೊಗಳಿ ಮಣ್ಣು ಮಾಡುತ್ತದೆ. ಯಾವುದೋ ಒಂದು ಮನೆಯಲ್ಲಿ ಯಾರೋ ಒಬ್ಬರು ಬಾಗಿಲ ಕಡೆ ನೋಡುವುದನ್ನು ಅವತ್ತಿಗೆ ನಿಲ್ಲಿಸುತ್ತಾರೆ.