ಹೇಳಿ ಮಾರಿದ ಕಾರು

ಕೊಡಗಿಗೇ ಅಂತ ಬೇರೆ ಮಂತ್ರಿಗಳು ಮಡಿಕೇರಿಯಲ್ಲಿ ಕೂತಿದ್ದ ಕಾಲ. ತೋಟಗಳ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಅವರು ಹೋದರೆಂದು ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ ಕರಿಬಸಪ್ಪನಿಗೆ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅವನ ಕಣ್ಣೆಲ್ಲ ಒಂದು ಕಾರಿನ ಮೇಲಿತ್ತು. ಮಾದಾಪುರದ ಹತ್ತಿರದ ತೋಟದ ದೊರೆಯೊಬ್ಬ ಓಡಿಸುತ್ತಿದ್ದ ಹಸಿರು ಬಣ್ಣದ, ತಲೆಯ ಮೇಲೆ ಸೂರಿಲ್ಲದ, ಇಬ್ಬರೇ ಕೂರುವ ರೇಸಿನ ಕಾರು ಅದು. ಪೇಟೆಯಲ್ಲಿ ಅದರ ಸದ್ದು ಕೇಳಿದರೆ ಕರಿಬಸಪ್ಪ ತಕ್ಕಡಿಯನ್ನು ಅಲ್ಲೇ ಬಿಟ್ಟು ಅಂಗಡಿ ಬಾಗಿಲಿಗೆ ಓಡಿ ಬರುತ್ತಿದ್ದ. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ನಗಲಿ, ಅವನಿಗೇನು!

ದೊರೆ ಹಡಗು ಹತ್ತುವ ಮೊದಲು ಆ ಕಾರನ್ನು ತೋಟದ ಲೆಕ್ಕ ಬರೆಯುವ ರೈಟರ್ ಮಲ್ಲಪ್ಪನವರಿಗೆ ಕೊಟ್ಟುಹೋದನಂತೆ, ಅವರು ಅದನ್ನು ಮಾರುತ್ತಾರಂತೆ ಅನ್ನುವ ಸುದ್ದಿ ಬಂತು. ಕರಿಬಸಪ್ಪನಿಗೆ ಊಟ ಸೇರಲಿಲ್ಲ. ಆಸೆಯಿಂದ ಅರ್ಧ ಸೇರಲಿಲ್ಲ, ಇನ್ನರ್ಧ ಮುಜುಗರದಿಂದ. ಯಾಕೆಂದರೆ ಹಿಂದಿನ ವರ್ಷ ಅವನು ಅದೇ ಮಲ್ಲಪ್ಪನವರ ಮನೆಗೆ ಹೆಣ್ಣು ನೋಡಲು ಹೋಗಿದ್ದ.

ಅವತ್ತು ಮಲ್ಲಪ್ಪನವರು ಉಪ್ಪಿಟ್ಟು ಬರುವ ಮುಂಚೆಯೇ ಹೇಳಿಬಿಟ್ಟಿದ್ದರು. 'ನಮ್ಮ ವಿಮಲಂಗೆ ಚಿಕ್ಕೋಳಿದ್ದಾಗ ಕಿವಿ ಸೋರಿ ಎಡಗಿವಿ ಹೋಗ್ಬಿಟ್ಟೈತೆ. ಬಲಗಿವಿ ಚೆನ್ನಾಗೈತೆ. ಮುಚ್ಚಿಟ್ಟು ಕೊಡೋದು ನಂಗಾಗಲ್ಲ.' ಅಷ್ಟು ಹೇಳಿದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಕರಿಬಸಪ್ಪ ಎತ್ತಿನಗಾಡಿಯಲ್ಲಿ ಏಲಕ್ಕಿ ಸಾಗಿಸಿ ಬೆಳೆದ ಮನೆಯ ಹುಡುಗ. ಎತ್ತು ಕೊಳ್ಳುವಾಗ ಅದರ ಬೆನ್ನ ಹಿಂದೆ ನಿಂತು ಚಿಟಿಕೆ ಹೊಡೆದು, ಕಿವಿ ನಿಮಿರುತ್ತದೋ ಇಲ್ಲವೋ ಎಂದು ನೋಡುವುದು ಅವರಪ್ಪ ಕಲಿಸಿದ್ದ ಪಾಠ. ವಿಮಲ ಕಾಫಿ ಕೊಟ್ಟು ಆಚೆ ತಿರುಗಿದಾಗ ಅವನು ಅವಳ ಎಡಮಗ್ಗುಲಿಗೆ ವಾಲಿ, ಹಿಂದಿನಿಂದ ಚಿಟಿಕೆ ಹೊಡೆದ. ಅವಳು ತಿರುಗಲಿಲ್ಲ. ಮತ್ತೆ ಹೊಡೆದ. ಎದುರಿನ ಗೋಡೆಯಲ್ಲಿ ಕನ್ನಡಿ ಇದ್ದದ್ದು ಅವನಿಗೆ ಆಮೇಲೆ ಕಂಡಿತು. ಕನ್ನಡಿಯೊಳಗಿಂದ ಅವಳು ಅವನ ಬೆರಳನ್ನೇ ನೋಡುತ್ತಿದ್ದಳು.

'ಗೊತ್ತಿದ್ದೂ ಗೊತ್ತಿದ್ದೂ ದೋಷ ಇರೋದನ್ನ ಮನೆಗೆ ತರೋದಾ?' ಎಂದು ವಾಪಸು ಬರುವ ದಾರಿಯಲ್ಲಿ ಅವನೇ ಹೇಳಿದ. ಜೊತೆಗೆ ಬಂದಿದ್ದ ತಾಯಿ ವಿಶಾಲಾಕ್ಷಮ್ಮ ಹೂಂ ಅಂದರು, ಅಷ್ಟೆ. ಸಂಬಂಧ ಅಲ್ಲಿಗೆ ಮುಗಿಯಿತು.

ವ್ಯಾಪಾರವೇ ಬೇರೆ, ಸಂಬಂಧವೇ ಬೇರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕರಿಬಸಪ್ಪ ಮಾದಾಪುರದ ಬಸ್ಸು ಹತ್ತಿದ. ಮಲ್ಲಪ್ಪನವರು ಏನೂ ಆಗಿಲ್ಲವೆಂಬಂತೆ ಬರಮಾಡಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅದೇ ಬೆಂಚು, ಅದೇ ಕನ್ನಡಿ. ಅಂಗಳದಲ್ಲಿ ಕಾರು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಅದನ್ನು ನೋಡಿದ್ದೇ ತಡ, ಅವನ ಮುಜುಗರವೆಲ್ಲ ಹಾರಿಹೋಯಿತು. ನಾಚಿಕೆಗೆಟ್ಟ ಆಸೆ ಅಂದರೆ ಅದು.

'ಮೊದ್ಲೇ ಹೇಳ್ಬಿಡ್ತೀನಿ' ಎಂದು ಮಲ್ಲಪ್ಪನವರು ಶುರುಮಾಡಿದರು. 'ಬ್ರೇಕು ಒತ್ತಿದ್ರೆ ಎಡಕ್ಕೆ ಎಳೀತದೆ. ಎರಡನೇ ಗೇರು ಏರಿನಲ್ಲಿ ತಾನೇ ಕಳಚ್ಕೊಂತದೆ. ಇಲ್ಲಿಂದ ನಿಮ್ಮೂರು ಮುಟ್ಟೋದ್ರೊಳಗೆ ನೀರು ಕುದಿಯೋದು ಗ್ಯಾರಂಟಿ. ಸೆಲ್ಫು ಸತ್ತೋಗಿ ಕಾಲವಾಯ್ತು, ಮುಂದ್ಗಡೆ ಹ್ಯಾಂಡ್ಲು ತೂರ್ಸಿ ತಿರುಗ್ಸೇ ಎಬ್ಬಿಸ್ಬೇಕು. ದೊರೆ ಎಲ್ಲಾನೂ ನಂಗೆ ತೋರ್ಸಿ ಹೋದ್ರು.'

ಕರಿಬಸಪ್ಪ ಚಾಲಕನ ಸೀಟಿನಲ್ಲಿ ಕೂತ. ಚಕ್ರ ಹಿಡಿದ. ಮೈ ಜುಮ್ಮೆಂದಿತು. ಸೋಮವಾರಪೇಟೆ ಚೌಕದಲ್ಲಿ ಇಳಿಯುವುದು, ಜನ ಸುತ್ತುವರಿಯುವುದು, ತಾನು ಏನೂ ದೊಡ್ಡದಲ್ಲವೆಂಬಂತೆ ಕೈಗವಸು ಬಿಚ್ಚುವುದು, ಎಲ್ಲ ಕಣ್ಣಿಗೆ ಕಟ್ಟಿತು. ಕೈಗವಸು ಅವನ ಹತ್ತಿರ ಇರಲಿಲ್ಲ, ಅದು ಬೇರೆ ಮಾತು. ಎಡಗಡೆಯ ಖಾಲಿ ಸೀಟಿನಲ್ಲಿ ಒಬ್ಬಳನ್ನು ಕೂರಿಸಿಯೂ ನೋಡಿದ. ಅವಳಿಗಿನ್ನೂ ಮುಖವಿರಲಿಲ್ಲ.

'ಕೆಳಗಿನ ಏರಿನವರ್ಗೂ ಒಂದ್ಸಲ ಓಡ್ಸಿ ನೋಡಿ. ಪರೀಕ್ಷೆ ಮಾಡ್ದೆ ತಗೋಬೇಡಿ' ಎಂದರು ಮಲ್ಲಪ್ಪ.

ಕರಿಬಸಪ್ಪ ಉದಾರವಾಗಿ ನಕ್ಕ. 'ಅಯ್ಯೋ, ನೀವು ಬಾಯ್ಬಿಟ್ಟು ಹೇಳಿದ್ಮೇಲೆ ಪರೀಕ್ಷೆ ಎಂಥದು? ನಿಮ್ಮ ಮಾತೇ ಸಾಕು. ದೋಷ ಯಾರಿಗಿಲ್ಲ ಹೇಳಿ, ಯಾವುದಕ್ಕಿಲ್ಲ? ಮನಸಿಗೆ ಹಿಡಿಸಿದ್ಮೇಲೆ ನಿಭಾಯಿಸ್ಕೊಂಡು ಹೋಗೋದಪ್ಪ.'

ಹಿಂದೆ ತಟ್ಟೆಯ ಸದ್ದಾಯಿತು. ವಿಮಲ ಎಲೆ ಅಡಿಕೆಯ ತಟ್ಟೆಯನ್ನು ಜಗಲಿಯ ಮೇಲಿಟ್ಟು ನಿಂತಿದ್ದಳು. ಬಲಗಿವಿ ಅಂಗಳದ ಕಡೆಗಿತ್ತು. ಅವಳು ಮುಖ ಗಂಟಿಕ್ಕಲಿಲ್ಲ. ಅವನ ಕಡೆ ಒಮ್ಮೆ ನೋಡಿದಳು, ಆಮೇಲೆ ಅವನ ಬಲಗೈಯ ಬೆರಳುಗಳನ್ನು ನೋಡಿದಳು, ಒಳಗೆ ಹೋದಳು.

ತಾನೇನು ಹೇಳಿದೆ ಎಂದು ಕರಿಬಸಪ್ಪನಿಗೆ ಆಗ ಕೇಳಿಸಿತು. ಕಿವಿಯ ತುದಿಯವರೆಗೆ ಬಿಸಿಯೇರಿತು. ಕಬ್ಬಿಣದ ಒಂದು ಗಾಡಿಗೆ ನಾಲ್ಕು ದೋಷವನ್ನು ನಗುನಗುತ್ತ ಮಾಫಿ ಮಾಡಿದ ಮನುಷ್ಯ, ಒಂದು ಹುಡುಗಿಯ ಒಂದು ಕಿವಿಗೆ ಚಿಟಿಕೆ ಹೊಡೆದು ನೋಡಿದ್ದ. ಅದೂ ಅವಳಪ್ಪ ಹೇಳಿದ ಮೇಲೆ. ಎಡಗಡೆಯ ಸೀಟು ಹಾಗೇ ಖಾಲಿ ಇತ್ತು. ಅಲ್ಲಿ ಕೂತವರ ಬಲಗಿವಿ ಓಡಿಸುವವನ ಕಡೆಗೇ ಇರುತ್ತದೆ. ವಿಮಲ ಕೂತಿದ್ದರೆ ಅವಳಿಗೆ ಅವನ ಒಂದು ಮಾತೂ ತಪ್ಪುತ್ತಿರಲಿಲ್ಲ. ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

'ವಿಮಲಂಗೆ ಗಂಡು ಗೊತ್ತಾಗೈತೆ' ಎಂದರು ಮಲ್ಲಪ್ಪ, ಕೊಂಕಿಲ್ಲದೆ, ಸುದ್ದಿ ಹೇಳುವ ಹಾಗೆ. 'ಅರಕಲಗೂಡಿನ ಕಡೆ ಮೇಷ್ಟ್ರು. ಅವರ್ಗೂ ಹೇಳಿದೆ. ಆಗ್ಲಿ ಅಂದ್ರು. ತಗೊಳ್ಳಿ, ವೀಳ್ಯ.'

ವೀಳ್ಯ ಎತ್ತಿದರೆ ವ್ಯಾಪಾರ ಕುದುರಿದಂತೆ. ಕರಿಬಸಪ್ಪ ಕಾರಿನಿಂದ ಇಳಿದು, ಜಗಲಿಗೆ ಬಂದು ಕೂತು ತಟ್ಟೆಯನ್ನೇ ನೋಡಿದ. ಬೇಡ ಎಂದರೆ ಈ ಮನೆಯಿಂದ ಎರಡನೇ ಸಲ ಬೇಡ ಎಂದು ಎದ್ದುಹೋದಂತೆ. ಮಲ್ಲಪ್ಪನವರಿಗೆ ಎರಡನೇ ಅವಮಾನ. ಬೇಕು ಎಂದರೆ, ಆ ಹುಡುಗಿಗಿಂತ ಈ ಗಾಡಿಯೇ ನನಗೆ ಹೆಚ್ಚು ಎಂದು ಅವಳ ಮನೆಯ ಜಗಲಿಯಲ್ಲೇ ಕೂತು ಒಪ್ಪಿಕೊಂಡಂತೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಅವನಿಗೆ ತಿಳಿಯಲಿಲ್ಲ. ಮಲ್ಲಪ್ಪನವರು ಕಾಯುತ್ತಿದ್ದರು. ಅವನು ಕೈಚಾಚಿ ವೀಳ್ಯ ಎತ್ತಿದ. ಚೌಕಾಸಿ ಮಾಡುವ ಬಾಯಿ ಅವನಿಗಿರಲಿಲ್ಲ.

ಮನೆಯಿಂದ ಹೊರಡುವ ಗಾಡಿಗೆ ವಿಭೂತಿ ಇಡಬೇಕಲ್ಲ. ಮಲ್ಲಪ್ಪನವರು ಮಗಳನ್ನು ಕರೆದು, ತಾವು ತೆಂಗಿನಕಾಯಿ ತರಲು ಒಳಗೆ ಹೋದರು. ವಿಮಲ ಬಾನೆಟ್ಟಿನ ಮುಂದೆ ಬಗ್ಗಿ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಳು. ಅಂಗಳದಲ್ಲಿ ಇಬ್ಬರೇ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಕರಿಬಸಪ್ಪನಿಗೆ ಅನ್ನಿಸಿತು. ಹ್ಯಾಂಡ್ಲು ಹಿಡಿದು ಅವಳ ಪಕ್ಕಕ್ಕೆ ಬಂದ. ಬಲಗಡೆ ಬೇಕಾದಷ್ಟು ಜಾಗವಿತ್ತು. ಅವನು ಎಡಗಡೆಗೆ ಬಂದು ನಿಂತ.

'ತಪ್ಪಾಯ್ತು' ಎಂದ, ಮೆಲ್ಲಗೆ.

ಅವಳು ತಿರುಗಲಿಲ್ಲ. ಮೂರೂ ಗೆರೆಗಳನ್ನು ನೇರವಾಗಿ ಎಳೆದು ಮುಗಿಸಿದಳು. ಅವಳಿಗೆ ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪರೀಕ್ಷೆ ಮಾಡಿ ತಿಳಿದುಕೊಂಡಿದ್ದನಲ್ಲ.

ಬೆರಳು ಒರೆಸಿಕೊಳ್ಳುತ್ತ ಎದ್ದಾಗ ಅವಳಿಗೆ ಅವನ ನೆರಳು ಕಂಡಿತು. ಪೂರ್ತಿ ತಿರುಗಿ, ಅವನ ಬಾಯಿಯನ್ನೇ ನೋಡುತ್ತ ಕೇಳಿದಳು, 'ಏನೋ ಅಂದ್ರಲ್ಲ?'

ಈಗ ಬಲಗಿವಿ ಅವನ ಎದುರಿಗೇ ಇತ್ತು.

'ಏನಿಲ್ಲ' ಎಂದ ಕರಿಬಸಪ್ಪ. 'ಹ್ಯಾಂಡ್ಲು ಎಲ್ಲಿ ಅಂದೆ.'

ವಿಮಲ ಅವನ ಕೈ ನೋಡಿದಳು.

'ನಿಮ್ಮ ಕೈಯಾಗೇ ಐತಲ್ಲ' ಎಂದಳು.