ಖಾಸಿಂ ಬೀಯ ಮೊಣಕಾಲು, ಚಹಾದೊಳಗಿನ ಪುಡಿ

ಮಾನ್ವಿಯ ಬಳೆಗಾರ್ತಿ ಖಾಸಿಂ ಬೀಗೆ ಎರಡು ವರ್ಷದಿಂದ ಬಲಗಾಲಿನ ಮೊಣಕಾಲೇ ವೈರಿ. ಬಳೆಯ ಮಲಾರ ಹೆಗಲಿಗೇರಿಸಿ ಮಲ್ಲಟದವರೆಗೂ ಹೋಗಿ ಮದುಮಗಳಿಗೆ ಬಳೆ ಇಡಿಸುತ್ತಿದ್ದವಳು, ಈಗ ಓಣಿ ದಾಟಲಾರಳು. "ವಯಸ್ಸಾತು, ಅನುಭವಿಸು" ಎನ್ನುವವರಿಗೇನು ಕಡಿಮೆ? ಅವರ ಮೊಣಕಾಲು ಗಟ್ಟಿಯಾಗಿವೆಯಲ್ಲ!

ಮಗ ಶಂಶುದ್ದೀನನಿಗೆ ಶಕ್ತಿನಗರದಲ್ಲಿ ಕೆಲಸ. ಅವನು ಕರೆದೊಯ್ದು ತೋರಿಸಿದಾಗ ಅಲ್ಲಿಯ ಡಾಕ್ಟರು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಸವೆದ ಕೀಲು ತೆಗೆದು ಹೊಸದು ಕೂಡಿಸುತ್ತಾರಂತೆ. ಗಂಡ ಕುತುಬುದ್ದೀನ್ ಕೇಳಿದ್ದೇ ಹೌಹಾರಿದ.

"ಕಾಲು ಕೊಯ್ದ್ರ ಕೊಡಗಟ್ಲೆ ರಕ್ತ ಹೋಗ್ತದ. ನಿನ್ನ ಮೈಯಾಗ ಇರೋದೇ ಒಂದು ಚರಿಗಿ!"

"ಉಳಿದದ್ದು ನೀವ ಕುಡ್ದೀರಲ್ರೀ" ಎಂದಳು ಖಾಸಿಂ ಬೀ.

ಪಕ್ಕದ ಮನೆಯ ಬೂದೆಮ್ಮ, ಸರ್ಕಾರಿ ದವಾಖಾನೆಯ ನರ್ಸು, ಅದನ್ನು ಕೇಳಿ ನಗುತ್ತಲೇ ಒಳಬಂದಳು. ಖಾಸಿಂ ಬೀ ಅವಳಿಗೆ ಚಹಾ ಬಸಿದುಕೊಟ್ಟು, ತನ್ನ ಕಪ್ಪಿಗೆ ಪೊಟ್ಟಣ ಬಿಡಿಸಿ ಪುಡಿ ಸುರುವಿಕೊಂಡಳು.

"ಅದೇನ್ ಬೇ ಯಕ್ಕಾ?"

"ನೋವಿನ ಪುಡಿ. ಕಿರಾಣಿ ಅಂಗಡಿದು. ದಿನಾ ಮೂರು."

"ಏನರ ಔಷಧಿ ತಗೋತೀಯೇನು ಅಂತ ಡಾಕ್ಟರು ಕೇಳಿಲ್ಲೇನು?"

"ಕೇಳಿದ್ರು. ಇಲ್ಲ ಅಂದೆ. ಇದು ಔಷಧಿ ಹೆಂಗಾಗ್ತದ? ಚಹಾದಾಗ ಹಾಕ್ಕೊಳ್ಳೋದು!"

ಬೂದೆಮ್ಮ ಹಣೆ ಬಡಿದುಕೊಂಡಳು. "ಯವ್ವಾ! ಇದ್ರಾಗ ರಕ್ತ ಬೇಗ ಹೆಪ್ಪುಗಟ್ಟದಂಗ ಮಾಡೋ ಮದ್ದು ಅದ. ಹಿಂಗ ಹೋಗಿದ್ರ ಕೊಯ್ದ ಜಾಗದಾಗ ರಕ್ತ ನಿಲ್ಲೋದು ಕಷ್ಟ ಇತ್ತು. ಪೊಟ್ಟಣ ಒಯ್ದು ಡಾಕ್ಟರಿಗೆ ತೋರಿಸು. ಯಾವಾಗ ಬಿಡಬೇಕು, ಬದಲಿ ಏನು ತಗೋಬೇಕು, ಅವ್ರೇ ಹೇಳ್ತಾರ."

"ನಾ ಹೇಳಲಿಲ್ಲ?" ಕುತುಬುದ್ದೀನ್ ಗೆದ್ದವನಂತೆ ಕೂಗಿದ.

"ನೀವು ಹೋಗಬ್ಯಾಡ ಅಂದ್ರಿ ಭಾವಾ. ನಾ ತಯಾರಾಗಿ ಹೋಗು ಅನ್ನಾಕತ್ತೀನಿ."

ಡಾಕ್ಟರು ಪುಡಿ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟರು. ಪರೀಕ್ಷೆ ಮಾಡಿದರೆ ರಕ್ತವೂ ಕಡಿಮೆ! ಆಪರೇಷನ್ನು ಎರಡು ತಿಂಗಳು ಮುಂದಕ್ಕೆ ಹೋಯಿತು. ಖಾಸಿಂ ಬೀ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗದೆ ನಿಂಬೆ ನೀರಿನ ಜೊತೆ ನುಂಗಿದಳು. ನುಗ್ಗೆಸೊಪ್ಪು, ಬೇಳೆ, ಮೊಟ್ಟೆ ಉಂಡಳು. ಮುಖಕ್ಕೆ ಕಳೆ ಬಂತು.

ಹೈದರಾಬಾದಿನಲ್ಲಿ ಕುತುಬುದ್ದೀನ್ ಕಣ್ಣು ಬಿಗಿಯಾಗಿ ಮುಚ್ಚಿ ಒಂದು ಬಾಟ್ಲಿ ರಕ್ತ ಕೊಟ್ಟ. ಆಮೇಲೆ ಬಿಸ್ಕೀಟು ತಿಂದು ಎದೆ ಸೆಟೆಸಿ ಓಡಾಡಿದ. ಡಾಕ್ಟರು ರಕ್ತ ಹರಿಯದಂತೆ ತೊಡೆಗೆ ಪಟ್ಟಿ ಬಿಗಿದು ಆಪರೇಷನ್ ಮಾಡಿದರು. ರಕ್ತ ಹೆಚ್ಚು ಹೋಗಲಿಲ್ಲ. ಅವನ ಬಾಟ್ಲಿ ಇನ್ನೊಬ್ಬ ರೋಗಿಗೆ ಹೋಯಿತು.

"ನನ್ನ ರಕ್ತ ನಿನಗ ಬ್ಯಾಡಾತೇನು?" ಎಂದು ಅವನು ಸಿಟ್ಟಾದ. ಖಾಸಿಂ ಬೀ ಹೊಲಿಗೆ ಜಗ್ಗಿದರೂ ನಕ್ಕಳು.

ಊರಿಗೆ ಬಂದದ್ದೇ ನೆಂಟರ ಸಂತೆ. "ಬಾಣಂತಿ ಹಂಗ ನಲ್ವತ್ತು ದಿನ ಅಳ್ಳಾಡಬ್ಯಾಡ" ಎಂದು ಮೊಣಕಾಲ ಕೆಳಗೆ ದಿಂಬಿಟ್ಟು ಮಲಗಿಸಿದರು. ಬೂದೆಮ್ಮ ಬಂದವಳೇ ದಿಂಬು ಕಿತ್ತು ಹಿಮ್ಮಡಿಯ ಕೆಳಗಿಟ್ಟಳು.

"ಮೊಣಕಾಲ ಕೆಳಗಿಟ್ರ ಹಾಯ್ ಅನಸ್ತದ, ಆದ್ರ ಕಾಲು ಡೊಂಕಾಗೇ ಉಳೀತದ. ಏಳು ಯಕ್ಕಾ. ಆಸ್ಪತ್ರ್ಯಾಗ ಕಲಿಸಿದಂಗ ಮಡಚು, ಚಾಚು, ನಡಿ."

ಕಣ್ಣೀರು ಬಂತು. ಆದರೂ ಮಡಚಿದಳು. ಕುತುಬುದ್ದೀನ್ ಪಕ್ಕದಲ್ಲಿ ಕುಂತು ಎಣಿಸಿದ: "ಐದು, ಆರು, ಒಂಬತ್ತು, ಹತ್ತು!"

"ಏಳು ಎಂಟು ಎಲ್ಲಿ ಹೋದ್ವು ಭಾವಾ?"

"ನೋಡಾಕ ಆಗವಲ್ದು ತಂಗಿ, ಬಿಡು!"

ನಾಲ್ಕನೇ ತಿಂಗಳು ಖಾಸಿಂ ಬೀ ಮಲ್ಲಟದಲ್ಲಿ ಬಸ್ಸಿಳಿದಳು, ತನ್ನ ಕಾಲ ಮೇಲೆ ಮದುವೆ ಮನೆಯವರೆಗೂ ನಡೆದಳು. ನೆಲಕ್ಕೆ ಕೂಡುವುದು ಬೇಡವೆಂದು ಡಾಕ್ಟರು ಹೇಳಿದ್ದರು. ಕುರ್ಚಿ ಹಾಕಿಸಿಕೊಂಡು ಮದುಮಗಳ ಕೈ ಹಿಡಿದಳು. "ಬಿಗಿ ಹಿಡೀಬ್ಯಾಡವ್ವಾ, ಮೆತ್ತಗ ಬಿಡು" ಎಂದಾಗ ಹಸಿರು ಬಳೆ ಒಡೆಯದೆ ಏರಿತು. ಮನೆ ತುಂಬ ನಗು.

ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರ ಮುಂದೆ ಮುಚ್ಚುಮರೆ ಯಾಕೆ? ಅಂಗಡಿಯ ಪುಡಿ, ಹಕೀಮರ ಗುಳಿಗೆ, ಮನೆಯ ಕಷಾಯ, ಏನೇ ಇರಲಿ ಚೀಲದಲ್ಲಿ ಒಯ್ದು ಅವರ ಮೇಜಿನ ಮೇಲೆ ಸುರುವಿರಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ಶುರುಮಾಡಬೇಡಿ. ರಕ್ತ ಕಡಿಮೆಯಿದ್ದರೆ ಆಪರೇಷನ್ನಿಗೆ ಮೊದಲೇ ಡಾಕ್ಟರು ಹೇಳಿದ ಗುಳಿಗೆ, ಊಟದಿಂದ ತುಂಬಿಸಿಕೊಳ್ಳಿ. ಆಪರೇಷನ್ ಆದಮೇಲೆ ಡಾಕ್ಟರು ನಡಿ ಎಂದ ದಿನ ನಡೆಯಿರಿ. ಮಲಗು ಎನ್ನುವ ನೆಂಟರು ಊಟ ಮಾಡಿ ಊರಿಗೆ ಹೋಗುತ್ತಾರೆ; ಆ ಕಾಲಿನ ಮೇಲೆ ಬಾಳುವವರು ನೀವು!