ಬಾವಿ ರಾಕ್ಷಸನ ಕೂಗು

ಭೋಜ ಎಂಬ ಹಳ್ಳಿಯ ಅಕ್ಕುತಾಯಿ ಅಳಲು ಕೂತರೆ ಕಲ್ಲಿಗೂ ಕಣ್ಣೀರು ಬರುತ್ತಿತ್ತು ಎಂದು ಹೇಳುವವರು ಊರಲ್ಲಿ ಈಗ ನಾಲ್ಕು ಜನ ಉಳಿದಿದ್ದರೆ ಹೆಚ್ಚು. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದು ಆ ಕಾಲದ ಎಲ್ಲ ಹೆಂಗಸರಿಗೂ ಬರುತ್ತಿತ್ತು. ಆದರೆ ಅಕ್ಕುತಾಯಿಯ ಅಳು ಬೇರೆ. ಸತ್ತವರು ಏನು ಉಣ್ಣುತ್ತಿದ್ದರು, ಹೇಗೆ ನಗುತ್ತಿದ್ದರು, ಯಾವ ಎತ್ತಿನ ಮೇಲೆ ಜೀವ ಇಟ್ಟಿದ್ದರು, ಎಲ್ಲವನ್ನೂ ಕೂತಲ್ಲೇ ಹೊಂದಿಸಿ ಹಾಡುತ್ತಿದ್ದಳು. ಬೋರಗಾಂವದಿಂದಲೂ ಜನ ಕರೆಯಲು ಬರುತ್ತಿದ್ದರು. ಒಬ್ಬರ ಸಾವಿಗೆ ಹಾಡಿದ್ದನ್ನು ಇನ್ನೊಬ್ಬರಿಗೆ ಹಾಡುವಂತಿಲ್ಲ. ಹೆಣ ಎತ್ತಿದರೆಂದರೆ ಆ ಹಾಡೂ ಮುಗಿದಂತೆ. ಹೆಣವಿಲ್ಲದ ಅಂಗಳದಲ್ಲಿ ಹಾಡಿ ಅಳುವುದಂತೂ ಕೂಡದು. ಅದು ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ.

ಆಕೆ ಕೊನೆಯ ಸಲ ಹಾಡಿ ಅತ್ತದ್ದು ನಲವತ್ತೆರಡು ವರ್ಷದ ಹಿಂದೆ, ತನ್ನ ಮಗಳು ಕಾಂಚನಳಿಗಾಗಿ. ಮೂರು ವರ್ಷದ ಕೂಸು. ಸಂಜೆ ವಾಂತಿ-ಭೇದಿ ಶುರುವಾಗಿ ಮರುದಿನ ಹೊತ್ತೇರುವುದರೊಳಗೆ ಹೋಗಿಬಿಟ್ಟಿತು. ಅಂದು ಅತ್ತ ಮೇಲೆ ಕೊರಳು ಒಡೆಯಿತೋ ಮನಸ್ಸು ಒಡೆಯಿತೋ, ಅಕ್ಕುತಾಯಿ ಮತ್ತೆ ಯಾರ ಸಾವಿಗೂ ಬಾಯಿ ತೆರೆಯಲಿಲ್ಲ. ಅದಾದರೂ ಹೋಗಲಿ. ಅಂದು ತಾನು ಏನು ಹಾಡಿದೆ ಎಂಬುದೇ ಆಕೆಗೆ ನೆನಪಿರಲಿಲ್ಲ. ಕೂಸಿನದೊಂದು ಫೋಟೋ ಇಲ್ಲ. ಇದ್ದೊಂದು ಹೊಸ ಅಂಗಿಯನ್ನು ಅದರ ಜೊತೆಗೇ ಮಣ್ಣು ಮಾಡಿದರು. ವರ್ಷಗಳು ಹೋದಂತೆ ಕಾಂಚನಳ ಮುಖವೂ ಮಸುಕಾಗುತ್ತ ಬಂತು. ಮಗಳದ್ದೆಲ್ಲ ಆ ಹಾಡಿನಲ್ಲಿ ಇಟ್ಟಿದ್ದೆ ಎಂಬುದು ಮಾತ್ರ ಗೊತ್ತು. ಭಾಂಡೆ ತಿಕ್ಕುವಾಗ, ಹೊಲದಲ್ಲಿ ತಂಬಾಕಿನ ಎಲೆ ಮುರಿಯುವಾಗ, ಬಸ್ಸಿನಲ್ಲಿ ಕೂತಾಗ, ಒಂದು ಸಾಲಾದರೂ ನೆನಪಾದೀತೇ ಎಂದು ಹುಡುಕುತ್ತಿದ್ದಳು. ಅರವತ್ತೆಂಟರ ಈ ವಯಸ್ಸಿನಲ್ಲೂ ಹುಡುಕುತ್ತಲೇ ಇದ್ದಳು.

ಇನ್ನು ಆಕೆಯ ಗಂಡ ಭರಮು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಹಿರಿಯರು ಇವನನ್ನು ನೋಡಿಯೇ ಕಟ್ಟಿರಬೇಕು. ಆರೂಕಾಲು ಅಡಿ ಎತ್ತರ, ಬಾಗಿಲಷ್ಟು ಅಗಲ. ಊರ ಹೊರಗೆ ಪಾಳುಬಿದ್ದ ದೊಡ್ಡ ಮನೆ, ವಾಡೆಯಲ್ಲಿ ಒಂದು ಸಿನೆಮಾ ಕಂಪನಿ ಬಂದು ಇಳಿದಾಗ ಅವನ ದಶೆ ತಿರುಗಿತು. ಹೊಲದ ಕೂಲಿಯವನನ್ನು ಮೊದಲು ವೈರು ಹೊರಲು ಇಟ್ಟುಕೊಂಡರು. ಎತ್ತರ ನೋಡಿ ರಾಕ್ಷಸನ ವೇಷ ಹಾಕಿಸಿದರು. ಬಾವಿಯಿಂದ ಎದ್ದು ಬಂದು ಊರನ್ನು ತಿನ್ನುವ ರಾಕ್ಷಸ. ಗೋಣಿತಟ್ಟಿನ ಮೈ, ಮೇಕೆಯ ಕೂದಲು, ಮರದ ಹಲ್ಲು. ಮುಖ ಎಲ್ಲೂ ಕಾಣುವುದಿಲ್ಲ, ಮಾತೂ ಇಲ್ಲ. ಆದರೂ ಭರಮುವಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು.

ರಾಕ್ಷಸನಿಗೊಂದು ಭಯಂಕರ ಕೂಗು ಬೇಕು, ಯಾರು ಕೂಗಿದರೂ ನಗೆ ಬರುತ್ತದೆ ಎಂದು ಕಂಪನಿಯವರು ತಲೆ ಕೆಡಿಸಿಕೊಂಡಾಗ ಭರಮು ಎದೆ ಉಬ್ಬಿಸಿ ಹೇಳಿದ್ದ: "ನಮ್ಮ ಅಕ್ಕು ಅತ್ತಳಂದ್ರ ನಿಮ್ಮ ರಾಕ್ಷಸನ ಅಂಜಿ ಓಡತಾನ್ರಿ." ಮನೆಗೆ ಕರೆದುಕೊಂಡೂ ಬಂದ. ಅಕ್ಕುತಾಯಿ ಸೆರಗು ಮುಂದಕ್ಕೆಳೆದು ಒಂದೇ ಮಾತು ಹೇಳಿದ್ದಳು: "ಹೆಣಾ ಇಲ್ಲದ ಅಳಬಾರದ್ರಿ. ಹೆಣಾ ಬರತೈತಿ." ಕಂಪನಿಯವರು ನಕ್ಕು ಹೋದರು. ಹದಿನೈದು ದಿನಕ್ಕೆ ಕಾಂಚನ ಸತ್ತಳು. ಬರೀ ಆ ಮಾತು ಮನೆಯಲ್ಲಿ ಎದ್ದುದಕ್ಕೇ ಸಾವು ದಾರಿ ಹುಡುಕಿಕೊಂಡು ಬಂತೇನೋ ಎಂದು ಆಕೆ ಎಷ್ಟು ವರ್ಷ ತನ್ನನ್ನೇ ಬೈದುಕೊಂಡಳೋ ಲೆಕ್ಕವಿಲ್ಲ.

ಸಿನೆಮಾ ಬಂತು, ಓಡಿತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲಿ ಟೆಂಟ್ ಹಾಕಿದರೂ ಭರಮು ಹೋಗಿ ನೋಡಿ ಬರುತ್ತಿದ್ದ. ಹೆಂಡತಿ ಒಮ್ಮೆ ಬರುತ್ತೇನೆಂದರೆ, "ಅದ ಹೆಂಗಸರ ನೋಡೂ ಸಿನೆಮಾ ಅಲ್ಲ, ಸುಮ್ನಿರ," ಎಂದು ಗದರುತ್ತಿದ್ದ. ಆಕೆಯೂ ಹಟ ಮಾಡಲಿಲ್ಲ. ಆ ಸಿನೆಮಾದ ಹೆಸರೆತ್ತಿದರೆ ಕಾಂಚನಳ ಸಾವೇ ಕಣ್ಣ ಮುಂದೆ ಬರುತ್ತಿತ್ತು.

ಟೆಂಟ್ ಹೋದವು, ಟಿವಿ ಬಂತು, ಸಿನೆಮಾ ಮರೆತೂ ಹೋಯಿತು. ಆದರೆ ಕಾಲ ಎಂಬುದು ವಿಚಿತ್ರ. ಮಗನ ಮಗಳು ನೀಲಮ ನಿಪ್ಪಾಣಿಯ ಕಾಲೇಜಿನಿಂದ ಒಂದು ದಿನ ಓಡುತ್ತ ಬಂದಳು. "ಅಜ್ಜಾ, ನಿಮ್ಮ ರಾಕ್ಷಸನ ಸಿನೆಮಾ ಸಿಕ್ಕೈತಿ! ಹುಡುಗೂರು ಹುಚ್ಚ ಆಗ್ಯಾರ!" ಹಳೆಯ ಭೂತದ ಸಿನೆಮಾಗಳನ್ನು ಹುಡುಕಿ ನೋಡುವ ಒಂದು ಬಳಗ ಇತ್ತಂತೆ. ಅಥಣಿಯ ದ್ರಾಕ್ಷಿ ತೋಟದ ಮುರಗೆಪ್ಪನವರ ಮಗ ರೋಹನ ಅದರ ಮುಂದಾಳು. ಎಲ್ಲೋ ಕೊಳೆಯುತ್ತಿದ್ದ ಪ್ರಿಂಟನ್ನು ತಂದು, ತೊಳೆದು, ಶುದ್ಧ ಮಾಡಿಸಿದ್ದ. ನಿಪ್ಪಾಣಿಯಲ್ಲಿ ಭಾನುವಾರ ಬೆಳಿಗ್ಗೆ ಆಟ; ರಾಕ್ಷಸನಾಗಿದ್ದ ಭರಮು ಅಜ್ಜನಿಗೆ ಸತ್ಕಾರ.

"ನಿಮ್ಮ ಆಯೀನ್ನೂ ಕರಕೊಂಡ ಬಾ ಅಂದಾನ ರೋಹನ," ಎಂದಳು ನೀಲಮ, ಅಜ್ಜಿಯ ಕಡೆ ನೋಡಿ.

ಭರಮು ತಡವರಿಸಿದ. "ಆಕಿಗ್ಯಾಕ ತ್ರಾಸ? ಮಣಕಾಲ ನೋವು…"

"ಎರಡ ತಾಸ ಕುಂದ್ರಾಕ ಮಣಕಾಲ ಬೇಕಾಗಿಲ್ಲ," ಎಂದಳು ಅಕ್ಕುತಾಯಿ. ಗಂಡನಿಗೆ ಎಪ್ಪತ್ತೈದನೇ ವಯಸ್ಸಿನಲ್ಲಿ ಶಾಲು ಹೊದಿಸುತ್ತಾರೆಂದರೆ ನೋಡಬೇಡವೇ? ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ತೆಗೆದು ಉಟ್ಟಳು.

ಭಾನುವಾರ ಸಿನೆಮಾ ಹಾಲ್ ತುಂಬಿತ್ತು. ಗೋಣಿತಟ್ಟಿನ ರಾಕ್ಷಸ ಬಾವಿಯಿಂದ ಏಳುವಾಗ ಬೆನ್ನಿನ ಹೊಲಿಗೆ ಬಿಟ್ಟು ಭರಮುವಿನ ಬನಿಯನ್ ಕಾಣಿಸಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಅಕ್ಕುತಾಯಿಯೂ ನಕ್ಕಳು, ಆ ಬನಿಯನ್ನನ್ನು ತಾನೇ ಒಗೆಯುತ್ತಿದ್ದಳು. ರಾಕ್ಷಸ ವಾಡೆಯ ಬಾಗಿಲಿಗೆ ಬಂದ. ಹಾಲಿನಲ್ಲಿ ಯಾರೋ "ಬಂತು, ಬಂತು, ಶ್‌ಶ್!" ಎಂದರು. ಎಲ್ಲ ಗಪ್‌ಚಿಪ್. ರಾಕ್ಷಸ ಬಾಯಿ ತೆರೆದ.

ಕೂಗು ನೆಲದ ಕೆಳಗಿಂದ ಬಂದಂತೆ ಬಂತು. ದಪ್ಪ, ಭಾರ, ಮನುಷ್ಯರದಲ್ಲದ ದನಿ. ಮೂರು ಸಲ ಏರಿತು, ನಾಲ್ಕನೆಯದಕ್ಕೆ ಏರಲಾರದೆ ಕಡಿಯಿತು. ನಡುನಡುವೆ ಧಪ್, ಧಪ್ ಎಂದು ರಾಕ್ಷಸನ ಹೆಜ್ಜೆಯ ಸದ್ದು.

ಹೆಜ್ಜೆಯಲ್ಲ ಅದು. ಸೆಗಣಿ ಸಾರಿಸಿದ ನೆಲವನ್ನು ಅಂಗೈಯಿಂದ ಬಡಿದ ಸದ್ದು. ಅಕ್ಕುತಾಯಿಯ ಬಲಗೈ ತೊಡೆಯ ಮೇಲೆ ತಾನಾಗಿ ಎದ್ದು, ಆ ಸದ್ದಿಗೆ ಸರಿಯಾಗಿ ಬಿತ್ತು. ಮೂರು ಏರು, ಒಂದು ಕಡಿತ. ಊರೂರಿನವರು ಕರೆದೊಯ್ಯುತ್ತಿದ್ದ ತನ್ನದೇ ಉಸಿರು ಅದು, ಎಷ್ಟು ಜಗ್ಗಿ ದಪ್ಪ ಮಾಡಿದರೂ ತಾಯಿಗೆ ತನ್ನ ಹೊಟ್ಟೆಯ ಸಂಕಟ ತಿಳಿಯದೇ? ಆಕೆ ಆ ಹಾಡನ್ನು ನಲವತ್ತೆರಡು ವರ್ಷ ಹುಡುಕಿದ್ದಳು. ಅದು ಇಲ್ಲಿ, ಗಂಡ ತೊಟ್ಟ ಮರದ ಹಲ್ಲಿನ ನಡುವೆ ಇತ್ತು.

ಕೂಗು ಮುಗಿದದ್ದೇ ಹಾಲಿಗೆ ಹಾಲೇ ಶಿಳ್ಳೆ ಹೊಡೆಯಿತು. "ಒನ್ಸ್ ಮೋರ್!" ಎಂದರು. ರೋಹನ ಹಿಂದಕ್ಕೆ ಓಡಿಸಿ ಮತ್ತೆ ಹಾಕಿಸಿದ. ಈ ಸಲ ಇನ್ನೂರು ಜನ ರಾಕ್ಷಸನ ಜೊತೆ ಸೇರಿ ಕೂಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಕ್ಕುತಾಯಿ ಗಂಡನ ಕಡೆ ನೋಡಿದಳು. ಅವನು ಪರದೆಯನ್ನು ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ.

ಆಟ ಮುಗಿದ ಮೇಲೆ ಭರಮುವಿನ ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು. ರೋಹನ ಮೈಕು ಹಿಡಿದು ಮಾತಾಡಿದ. ಒಳ್ಳೆಯ ಹುಡುಗ, ಮನಸ್ಸಿನಿಂದಲೇ ಆಡಿದ: "ಈಗಿನ ಕಂಪ್ಯೂಟರ್ ಭೂತ ನೋಡಾಕ ಛಲೋ ಇರತಾವ್ರಿ, ಅಂಜಿಕಿ ಮಾತ್ರ ಬರೂದಿಲ್ಲ. ಇಲ್ಲಿ ನೋಡ್ರಿ, ರಾಕ್ಷಸನ ಮೈ ತಟ್ಟಿನ ಚೀಲ, ಚಂದಪ್ಪ ಅಂದ್ರ ಒಂದ ಬಲ್ಬು. ಎಲ್ಲಾ ಸುಳ್ಳ ಅಂತ ಗೊತ್ತೈತಿ, ಆದ್ರ ಆ ಕೂಗ ಬಂತಂದ್ರ ಎದಿ ಝಲ್ ಅಂತೈತಿ. ನಲವತ್ತ ವರ್ಷ ಆದ್ರೂ ನಾವು ಇದನ್ನ ನೋಡಾಕ ಬರೂದ ಅದಕ್ಕ. ಅಜ್ಜಾ, ಹೆಂಗ ಕೂಗಿದ್ರಿ ಅದನ್ನ?"

ಭರಮು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. "ಹೊಟ್ಟಿ ಒಳಗಿಂದ ತಗದೀನ್ರಿ," ಎಂದ.

ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು. ಹೊಟ್ಟೆಯೊಳಗಿಂದಲೇ ಬಂದದ್ದು ನಿಜ. ಯಾರ ಹೊಟ್ಟೆ ಎಂದು ಯಾರೂ ಕೇಳಲಿಲ್ಲ.

ಭೋಜಕ್ಕೆ ಮರಳುವ ಬಸ್ಸಿನಲ್ಲಿ ಅಕ್ಕುತಾಯಿ ಆ ಮೂರು ಏರನ್ನು ಬೆರಳಿನಿಂದ ತೊಡೆಯ ಮೇಲೆ ಎಣಿಸುತ್ತ ಕೂತಳು. ಭರಮು ಫೇಟಾ ತೆಗೆಯದೆಯೇ ಕೂತಿದ್ದ. ಹತ್ತಿಳಿಯುವವರಿಗೆಲ್ಲ ನೀಲಮಳೇ ಅಜ್ಜನ ಸತ್ಕಾರದ ವರದಿ ಒಪ್ಪಿಸಿದಳು. ಮನೆಗೆ ಬಂದು, ಕೈಕಾಲು ತೊಳೆದು, ಪಡಸಾಲೆಯ ಕಂಬಕ್ಕೆ ಒರಗಿ ಕೂತ ಮೇಲೆ ಆಕೆ ಗಂಡನನ್ನು ಕೇಳಿದಳು.

"ಅದು ನನ್ನ ಕಾಂಚವ್ವನ ಹಾಡ ಹೌದಲ್ರಿ?"

ಭರಮು ನೆಲ ನೋಡಿದ. "ಆ ಸೌಂಡಿನಂವ ಕದ್ದ ತಗೊಂಡಾನ ಅಕ್ಕು. ಗ್ವಾಡಿ ಹಿಂದ ಮಶೀನ ಇಟ್ಟಿದ್ನಂತ. ಸಿನೆಮಾ ನೋಡೂ ತನಕ ನನಗರೆ ಏನ ಗೊತ್ತಿತ್ತು? ನಿನಗ ಸಂಕಟ ಆಗತೈತಿ ಅಂತ ಹೇಳಲಿಲ್ಲ."

ನೀಲಮ ಬಾಯಿಗೆ ಕೈ ಹಿಡಿದು ನಿಂತುಬಿಟ್ಟಳು. ಆಕೆಗೆ ಸತ್ತ ಸೋದರತ್ತೆಯ ಹೆಸರು ಗೊತ್ತಿತ್ತು, ಅಷ್ಟೇ.

ಅಕ್ಕುತಾಯಿ ಗಂಡನ ಮಾತನ್ನು ನಂಬಿದಳು. ನಂಬದೆ ಏನು ಮಾಡುವುದು, ಐವತ್ತು ವರ್ಷ ಒಂದೇ ಒಲೆಯ ರೊಟ್ಟಿ ಉಂಡವರು. ಪಾಪ, ಈತನೂ ಒಬ್ಬನೇ ಆ ಕೂಗು ಕೇಳಿ ಕೇಳಿ ನುಂಗಿಕೊಂಡಿದ್ದಾನೆ ಎಂದು ಕರುಳು ಕರಗಿತು ಕೂಡ. ಸಿಟ್ಟಿಗಿಂತ ದೊಡ್ಡದೊಂದು ಆಸೆ ಆಗ ಆಕೆಯೊಳಗೆ ಎದ್ದಿತ್ತು. "ನೀಲವ್ವಾ, ಅದರಾಗ ಮಾತ ಅದಾವ. ತಿಳ್ಯಾಂಗಿಲ್ಲ. ಬಿಡಿಸಿ ಕೇಳಾಕ ಬರತೈತೇನ?"

"ದನಿ ದಪ್ಪ ಆಗಲಿ ಅಂತ ಆಗ ಟೇಪ್ ನಿಧಾನ ತಿರುಗಸ್ತಿದ್ರಂತ ಆಯಿ," ಎಂದಳು ನೀಲಮ. "ಜಲ್ದಿ ತಿರುಗಿಸಿದ್ರ ಮೊದಲಿನ್ಹಂಗ ಆಗಬೇಕು. ನನ್ನ ಮೊಬೈಲನ್ಯಾಗ ಸಿನೆಮಾ ಐತಿ. ನೋಡತೀನಿ ತಡಿ."

"ಈಗ್ಯಾಕ ಅದೆಲ್ಲಾ," ಎಂದ ಭರಮು. "ಚಾ ಮಾಡ ಮೊದಲ." ಯಾರೂ ಏಳಲಿಲ್ಲ.

ನೀಲಮ ಎರಡು-ಮೂರು ಸಲ ಹಿಂದೆ ಮುಂದೆ ಮಾಡಿದಳು. ಆಮೇಲೆ ಮೊಬೈಲನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದಳು. ಗೊರಗೊರ ಸದ್ದಿನ ಒಳಗಿಂದ ಇಪ್ಪತ್ತಾರು ವರ್ಷದ ಒಬ್ಬ ಹೆಂಗಸು ಎದ್ದು ಬಂದಳು.

"ಅಪ್ಪನ ಕೆರವ ಮೆಟ್ಟಿ ಅಂಗಳೆಲ್ಲಾ ಅಳದಾಕಿ… ನನ ಕಾಂಚವ್ವಾ… ಬೆಲ್ಲಾ ಕದ್ದ ಬೆನ್ನ ಹಿಂದ ಮುಚ್ಚಿಟ್ಟ ನಕ್ಕಾಕಿ… ನನ ಕಾಂಚವ್ವಾ… ಗಲ್ಲದ ಕುಣಿಯಾಗ ಯಾರ ಮುತ್ತ ಇಟ್ಟರ…"

ಅಲ್ಲಿ ಕಡಿಯಿತು. ಅಕ್ಕುತಾಯಿಯ ಕಣ್ಣಲ್ಲಿ ನೀರು ಧಾರಾಕಾರ. ಆದರೆ ಮುಖ ನಗುತ್ತಿತ್ತು. ಗಲ್ಲದಲ್ಲಿ ಕುಣಿ! ಹೌದು, ನಕ್ಕರೆ ಬೀಳುವ ಕುಣಿ ಇತ್ತು, ಎಡಗಲ್ಲದಲ್ಲಿ! ಅದನ್ನು ಮರೆತೇಬಿಟ್ಟಿದ್ದಳಲ್ಲ. ಬೆಲ್ಲದ ಕೈ, ಅಪ್ಪನ ಚಪ್ಪಲಿಯೊಳಗಿನ ಪುಟ್ಟ ಕಾಲು, ಎಲ್ಲ ಒಮ್ಮೆಲೇ ಮನೆಗೆ ಬಂದಂತಾಯಿತು. "ಕೇಳ್ರೀ, ಕುಣಿ ಇತ್ರೀ ಆಕಿ ಗಲ್ಲದಾಗ!" ಎಂದು ಗಂಡನ ಕಡೆ ತಿರುಗಿದಳು.

ಭರಮು ಅಂಗಳಕ್ಕೆ ಹೋಗಲು ಎದ್ದಿದ್ದ.

ಮೊಬೈಲು ಇನ್ನೂ ನಿಂತಿರಲಿಲ್ಲ. ಕೂಗು ಮುಗಿದ ಮೇಲೆ ಸಿನೆಮಾದಲ್ಲಿ ರಾಕ್ಷಸ ಹೊಟ್ಟೆಯೊಳಗೇ ಗುರುಗುಟ್ಟುತ್ತಾನೆ. ಜೋರಾಗಿ ತಿರುಗಿಸಿದಾಗ ಆ ಗುರುಗುಟ್ಟು ಒಬ್ಬ ಗಂಡಸಿನ ಪಿಸುಮಾತಾಯಿತು. ಮಶೀನಿನ ಪಕ್ಕದಲ್ಲೇ ನಿಂತು ಆಡಿದ್ದು, ಒಂದಕ್ಷರವೂ ತಪ್ಪದೆ ಕೇಳಿಸಿತು.

"ತಡೀರಿ, ಬಂದ್ ಮಾಡಬ್ಯಾಡ್ರಿ. ಹೆಣಾ ಎತ್ತೂ ಮುಂದ ಇನ್ನೂ ಜೋರ ಅಳತಾಳ."

ದನಿ ಭರಮುವಿನದು.

ಭರಮು ಹೊಸ್ತಿಲಲ್ಲಿ ನಿಂತೇ ಇದ್ದ, ತಲೆ ಚೌಕಟ್ಟಿಗೆ ತಾಗಿ ಫೇಟಾ ಓರೆಯಾಗಿತ್ತು. "ನೀ ಹೆಂಗಿದ್ರೂ ಅಳಾಕತ್ತಿದ್ದಿ ಅಕ್ಕು," ಎಂದ ಮೆಲ್ಲಗೆ. "ನಾ ಏನ ಅಳಸಿಲ್ಲ."

ಅಕ್ಕುತಾಯಿ ಬೈಯಲಿಲ್ಲ. ಬೈಗುಳಕ್ಕೂ ಒಂದು ಸಂಬಂಧ ಬೇಕಾಗುತ್ತದೆ. ಕಣ್ಣು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಮತ್ತೊಮ್ಮೆ ಹಾಕು ಎಂದು ಮೊಮ್ಮಗಳಿಗೆ ಸನ್ನೆ ಮಾಡಿದಳು.

"ಆಯಿ, ಕಡೀಕಿನ ಮಾತ ಕತ್ತರಿಸಿ ಒಗಿತೀನಿ," ಎಂದಳು ಆ ಹುಡುಗಿ ಅಳುತ್ತ. "ಅತ್ತಿ ಹಾಡ ಅಷ್ಟ ಇಡತೀನಿ. ನೀ ದಿನಾ ಕೇಳಬಹುದು."

"ಬ್ಯಾಡ," ಎಂದಳು ಅಕ್ಕುತಾಯಿ. "ಪೂರಾ ಇಡ. ನಾ ಕೇಳೂ ಮುಂದ ಅಂವಾ ಇಲ್ಲೇ ಕುಂದ್ರಲಿ."